ದಂಡದ ರಸೀದಿಯೊಂದಿಗೆ ಮುಗಿಯದ ಲೆಕ್ಕ

ಮದ್ಯ ಸೇವಿಸಿ ವಾಹನ ಚಲಾಯಿಸಿದ ಪ್ರಕರಣದಲ್ಲಿ ನ್ಯಾಯಾಲಯಕ್ಕೆ ಹೋಗಿ ಬಂದವರ ಮನೆಗಳಲ್ಲಿ ಒಂದು ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ: "ಹತ್ತು ಸಾವಿರ ಕಟ್ಟಿದ್ದಾಯಿತು, ಇನ್ನು ಆ ವಿಷಯ ಎತ್ತುವುದು ಬೇಡ." ಹೆಂಡತಿ ನಿಟ್ಟುಸಿರು ಬಿಡುತ್ತಾಳೆ, ತಾಯಿ ಹರಕೆಯ ಮೇಣದಬತ್ತಿ ಹಚ್ಚುತ್ತಾಳೆ, ನೆರೆಮನೆಯವರಿಗೆ ಸುಳಿವು ಸಿಗದಂತೆ ವಿಷಯ ಅಲ್ಲಿಗೇ ಅಡಗಿಹೋಗುತ್ತದೆ. ಆದರೆ ಆ ಹತ್ತು ಸಾವಿರ ರೂಪಾಯಿ ಲೆಕ್ಕದ ಮೊದಲ ಸಾಲು ಮಾತ್ರ ಎಂಬುದು ಬಹುಮಂದಿಗೆ ಅರಿವಾಗುವುದು ತೀರ ತಡವಾಗಿ.

ಕುಡಿತದ ಬಗ್ಗೆ ಮಾತು ತೆಗೆದೊಡನೆ ನಮ್ಮಲ್ಲಿ ಉಪದೇಶದ ದನಿ ಬಲುಬೇಗ ಬಂದುಬಿಡುತ್ತದೆ. ಆ ಕೆಲಸವನ್ನು ಪ್ರವಚನ ಪೀಠದಿಂದ ಗುರುಗಳು ಮಾಡುತ್ತಲೇ ಇದ್ದಾರೆ. ಕೇಳುವವರು ಕೇಳುತ್ತಲೂ ಇದ್ದಾರೆ. ನಾವು ಇಂದು ಮನೆಯ ಜಮಾ-ಖರ್ಚಿನ ಪುಸ್ತಕವನ್ನಷ್ಟೇ ತೆರೆಯಲಿಚ್ಛಿಸುತ್ತೇವೆ. ಏಕೆಂದರೆ ಗ್ಲಾಸು ಎತ್ತಿದವನು ಒಬ್ಬನಾದರೂ ಆ ಪುಸ್ತಕದಲ್ಲಿ ಬೀಳುವ ಖರ್ಚನ್ನು ಹೊರುವವರು ಮನೆಮಂದಿಯೆಲ್ಲ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದು ವಾಹನ ಚಲಾಯಿಸುವುದು ಅಪರಾಧ. ಬಹುಕಾಲ ಇದರ ಮೊದಲ ಅಪರಾಧಕ್ಕೆ ಇದ್ದ ದಂಡ ಹೆಚ್ಚೆಂದರೆ 2,000 ರೂಪಾಯಿ. 2019ರ ತಿದ್ದುಪಡಿಯು ಆ ವರ್ಷದ ಸೆಪ್ಟೆಂಬರ್ 1ರಿಂದ ಅದನ್ನು 10,000 ರೂಪಾಯಿಗೆ ಏರಿಸಿತು. ಆರು ತಿಂಗಳವರೆಗಿನ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಎರಡನೆಯ ಬಾರಿ ಸಿಕ್ಕಿದರೆ 15,000 ರೂಪಾಯಿ, ಎರಡು ವರ್ಷದವರೆಗಿನ ಸೆರೆ. ಹೆಲ್ಮೆಟ್ ಇಲ್ಲದ್ದಕ್ಕೋ ಸೀಟ್ ಬೆಲ್ಟ್ ಹಾಕದ್ದಕ್ಕೋ ರಸ್ತೆಯ ಬದಿಯಲ್ಲೇ ಹಣ ತೆತ್ತು ಹೊರಡುವಂತೆ ಇಲ್ಲಿ ಹೊರಡಲಾಗದು. ಸ್ಥಳದಲ್ಲೇ ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲ. ನ್ಯಾಯಾಧೀಶರ ಮುಂದೆ ನಿಂತು, "ತಪ್ಪು ಮಾಡಿದ್ದೇನೆ" ಎಂದು ಒಪ್ಪಿಕೊಂಡರೆ ದಂಡ ಕಟ್ಟಿ ಹೊರಬರಬಹುದು. ಆ ಒಪ್ಪಿಗೆಯೇ ಅಪರಾಧದ ತೀರ್ಪು. ಅದು ಕಡತದಲ್ಲಿ ಉಳಿಯುತ್ತದೆ.

ತೀರ್ಪಿನ ಜೊತೆಗೇ ಬರುವ ಇನ್ನೊಂದು ಶಿಕ್ಷೆಯನ್ನು ಅನೇಕರು ಗಮನಿಸಿರುವುದಿಲ್ಲ. ಅದೇ ಕಾಯಿದೆಯ 20ನೆಯ ಕಲಮು, ಈ ಅಪರಾಧಕ್ಕೆ ಶಿಕ್ಷಿತನಾದವನನ್ನು ಕನಿಷ್ಠ ಆರು ತಿಂಗಳು ಚಾಲನಾ ಪರವಾನಗಿಗೆ ಅನರ್ಹಗೊಳಿಸಬೇಕೆಂದು ಹೇಳುತ್ತದೆ. ಕಾರು ಓಡಿಸಿಯೇ ಜೀವನ ಸಾಗಿಸುವವನಿಗೆ, ಅಂದರೆ ಟ್ಯಾಕ್ಸಿ ಇಟ್ಟವನಿಗೆ, ಔಷಧ ಕಂಪೆನಿಯ ಪ್ರತಿನಿಧಿಗೆ, ಬೇಕರಿಯ ಸರಕನ್ನು ಅಂಗಡಿ ಅಂಗಡಿಗೆ ತಲುಪಿಸುವವನಿಗೆ, ಆರು ತಿಂಗಳೆಂದರೆ ಆರು ತಿಂಗಳ ಸಂಪಾದನೆ. ಆ ಅವಧಿಯಲ್ಲಿ "ಯಾರು ನೋಡುತ್ತಾರೆ" ಎಂದು ಗಾಡಿ ತೆಗೆದರೆ ಅದು ಬೇರೆಯೇ ಅಪರಾಧ. ಮೇಲಾಗಿ ಅಂಥ ಚಾಲನೆಯಲ್ಲಿ ಅಪಘಾತವಾದರೆ ವಿಮಾ ಕಂಪೆನಿ ತನ್ನ ಹೊಣೆಯನ್ನು ನಿರಾಕರಿಸಲು ಅದೊಂದೇ ಕಾರಣ ಸಾಕು.

ಇನ್ನು ವಿಮೆಯ ಮಾತಿಗೆ ಬರೋಣ. ಕಾರಿನ ವಿಮೆಯೆಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ವಾಸ್ತವವಾಗಿ ಎರಡು ಒಪ್ಪಂದಗಳು. ಒಂದು, ನಮ್ಮ ಸ್ವಂತ ಕಾರಿಗೆ ಆಗುವ ಹಾನಿಯ ವಿಮೆ. ಇನ್ನೊಂದು, ನಮ್ಮ ಕಾರಿನಿಂದ ಬೇರೊಬ್ಬನಿಗೆ ಆಗುವ ಸಾವು-ನೋವಿನ ವಿಮೆ. ಇದನ್ನೇ 'ಥರ್ಡ್ ಪಾರ್ಟಿ' ಎನ್ನುವುದು. ಎರಡನೆಯದು ಕಡ್ಡಾಯ. ಎರಡಕ್ಕೂ ಸೇರಿಸಿ ಒಂದೇ ರಸೀದಿ ಬರುವುದರಿಂದ ಅವುಗಳ ವ್ಯತ್ಯಾಸವನ್ನು ಯಾರೂ ಯೋಚಿಸುವುದಿಲ್ಲ. ಕುಡಿದ ಚಾಲಕನಿಗೆ ಈ ಎರಡೂ ಬೇರೆ ಬೇರೆ ರೀತಿಯಲ್ಲಿ ಕೈಕೊಡುತ್ತವೆ.

ಸ್ವಂತ ಹಾನಿಯ ವಿಷಯ ಸರಳ. ಖಾಸಗಿ ಕಾರಿನ ಪ್ರಮಾಣಿತ ಪಾಲಿಸಿಯಲ್ಲಿ, ಚಾಲಕನು ಮದ್ಯ ಅಥವಾ ಮಾದಕ ವಸ್ತುವಿನ ಪ್ರಭಾವದಲ್ಲಿದ್ದಾಗ ಆದ ಹಾನಿಗೆ ಕಂಪೆನಿ ಹೊಣೆಯಲ್ಲ ಎಂಬ ಷರತ್ತು ಅಚ್ಚಾಗಿಯೇ ಇರುತ್ತದೆ. ಇದು ಯಾವುದೋ ಒಂದು ಕಂಪೆನಿಯ ಕುತಂತ್ರವಲ್ಲ, ಎಲ್ಲ ಕಂಪೆನಿಗಳಿಗೂ ಸಾಮಾನ್ಯವಾದ ಒಕ್ಕಣೆ. ಮನೆಯೊಂದನ್ನು ಊಹಿಸಿಕೊಳ್ಳೋಣ. 8 ಲಕ್ಷ ರೂಪಾಯಿ ಸಾಲ ಮಾಡಿ, ಶೇಕಡಾ 9ರ ಬಡ್ಡಿಗೆ, 7 ವರ್ಷಗಳ ಕಂತಿನಲ್ಲಿ ಕಾರು ಕೊಂಡಿದ್ದಾರೆ. ತಿಂಗಳ ಕಂತು ಸುಮಾರು 12,900 ರೂಪಾಯಿ. ಎರಡು ವರ್ಷ ತುಂಬುವ ಹೊತ್ತಿಗೆ, ಮದುವೆಯೊಂದನ್ನು ಮುಗಿಸಿ ಬರುವ ರಾತ್ರಿ, ಕಾರು ಮೋರಿಯ ಕಟ್ಟೆಗೆ ಬಡಿದು ಗುಜರಿಗೆ ಮಾತ್ರ ಯೋಗ್ಯವಾಗುತ್ತದೆ. ಬ್ಯಾಂಕಿಗೆ ಇನ್ನೂ 6 ಲಕ್ಷದ 20 ಸಾವಿರದಷ್ಟು ಬಾಕಿ. ವಿಮಾ ಕಂಪೆನಿ ಪತ್ರ ಬರೆದು ಕೈತೊಳೆದುಕೊಳ್ಳುತ್ತದೆ. ಬ್ಯಾಂಕು ಕೈತೊಳೆದುಕೊಳ್ಳುವುದಿಲ್ಲ. ಇಲ್ಲದ ಕಾರಿಗೆ ಇನ್ನೂ 60 ಕಂತುಗಳು, ಐದು ಕ್ರಿಸ್ಮಸ್‌ಗಳು.

"ಅವನು ಕುಡಿದದ್ದಕ್ಕೆ ಸಾಕ್ಷಿ ಎಲ್ಲಿ? ಊದಿಸಲೇ ಇಲ್ಲವಲ್ಲ" ಎಂದು ಕೆಲವರು ವಾದಿಸುವುದುಂಟು. ಈ ವಾದಕ್ಕೆ ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ ಉತ್ತರ ಕೊಟ್ಟಿದೆ. ದೆಹಲಿಯ ಇಂಡಿಯಾ ಗೇಟಿನ ಬಳಿ 2007ರ ಡಿಸೆಂಬರಿನ ಒಂದು ಬೆಳಗಿನ ಜಾವ ಪೋರ್ಷೆ ಕಾರೊಂದು ಕಾಲುದಾರಿಗೆ ಬಡಿದು, ಉರುಳಿ, ಬೆಂಕಿಗೆ ಆಹುತಿಯಾಯಿತು. ಕಾರಿನ ಮಾಲೀಕ ಸಂಸ್ಥೆಯಾದ ಪರ್ಲ್ ಬೆವರೇಜಸ್, ವಿಮಾ ಕಂಪೆನಿಯಾದ ಇಫ್ಕೋ ಟೋಕಿಯೊದಿಂದ ಪರಿಹಾರ ಕೇಳಿತು. ಉಸಿರಿನ ಪರೀಕ್ಷೆಯಾಗಲೀ ರಕ್ತಪರೀಕ್ಷೆಯಾಗಲೀ ಇರಲಿಲ್ಲ. ಇದ್ದದ್ದು ಆಸ್ಪತ್ರೆಯ ದಾಖಲೆಯಲ್ಲಿ ಮದ್ಯದ ವಾಸನೆಯಿತ್ತೆಂಬ ಟಿಪ್ಪಣಿ ಮತ್ತು ಅಪಘಾತ ನಡೆದ ರೀತಿ. ರಾಷ್ಟ್ರೀಯ ಗ್ರಾಹಕ ಆಯೋಗವು ಮಾಲೀಕರ ಪರವಾಗಿತ್ತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ವಿಮಾ ಕಂಪೆನಿಯ ನಿಲುವನ್ನು ಎತ್ತಿಹಿಡಿಯಿತು.

ಈ ತೀರ್ಪಿನಲ್ಲಿ ಸಾಮಾನ್ಯ ಓದುಗನು ನೆನಪಿಡಬೇಕಾದ ಅಂಶವೊಂದಿದೆ. 30 ಮಿಲಿಗ್ರಾಂ ಎಂಬ ಗೆರೆ ಕ್ರಿಮಿನಲ್ ಮೊಕದ್ದಮೆಗೆ ಸಂಬಂಧಿಸಿದ್ದು. ವಿಮೆಯ ಒಪ್ಪಂದ ಹೇಳುವುದು "ಪ್ರಭಾವದಲ್ಲಿದ್ದಾಗ" ಎಂದಷ್ಟೇ. ಪರೀಕ್ಷೆಯ ಅಂಕಿ ಇಲ್ಲದಿದ್ದರೂ ಸಂದರ್ಭದ ಒಟ್ಟು ಸಂಗತಿಗಳಿಂದ ಪ್ರಭಾವವನ್ನು ಸಾಬೀತುಪಡಿಸಲು ವಿಮಾ ಕಂಪೆನಿಗೆ ಅವಕಾಶವುಂಟು. ಬರಿಯ ವಾಸನೆ ಎಲ್ಲ ಪ್ರಕರಣಗಳಲ್ಲೂ ಸಾಕಾಗದು. ಹೊರೆ ಕಂಪೆನಿಯ ಮೇಲೆಯೇ. ಆದರೆ ಪರೀಕ್ಷೆಯೇ ಇಲ್ಲದ ಕಡೆ ಪರಿಸ್ಥಿತಿ ಹೀಗಿದ್ದರೆ, ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದವನ ಪರಿಸ್ಥಿತಿ ಹೇಗಿರಬಹುದು? ವಿಮಾ ಕಂಪೆನಿಯ ವಕೀಲನು ಹುಡುಕಾಡಬೇಕಾದ ಅಗತ್ಯವೇ ಇಲ್ಲ. ನಾವು 'ಮುಗಿಯಿತು' ಎಂದು ಮಡಚಿಟ್ಟ ರಸೀದಿಯೇ ಅವನಿಗೆ ಬೇಕಾದ ಸಾಕ್ಷಿ.

ಕಾರಿನ ಜೊತೆ ಮಾಲೀಕ-ಚಾಲಕನಿಗೂ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಅದರಲ್ಲಿಯೂ ಇದೇ ಷರತ್ತು. ಜೀವ ವಿಮೆಯ ಮೂಲ ಮೊತ್ತದ ಮಾತು ಬೇರೆ. ಆದರೆ ಅದಕ್ಕೆ ಅಂಟಿಸಿಕೊಂಡು ಹೆಚ್ಚುವರಿ ಹಣ ಕಟ್ಟಿ ಪಡೆದ ಅಪಘಾತ ಲಾಭಕ್ಕೂ ಸಾಮಾನ್ಯವಾಗಿ ಈ ತಡೆ ಇದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಮೂವತ್ತನೆಯ ದಿನದ ಪೂಜೆ ಮುಗಿಸಿ ಕಾಗದಪತ್ರಗಳನ್ನು ಹಿಡಿದು ವಿಮಾ ಕಚೇರಿಗೆ ಹೋದಾಗ ಮೇಜಿನ ಆಚೆಯವರು ಕೇಳುವ ಮೊದಲ ಪ್ರಶ್ನೆ, ಮರಣೋತ್ತರ ಪರೀಕ್ಷೆಯ ವರದಿ ತಂದಿದ್ದೀರಾ ಎಂದು.

ಇಷ್ಟೂ ನಮ್ಮ ನಷ್ಟ. ಇನ್ನೊಬ್ಬರ ನಷ್ಟದ ಕಡೆಗೆ ತಿರುಗಿದಾಗಲೇ ಈ ಲೆಕ್ಕದ ನಿಜವಾದ ಭಾರ ತಿಳಿಯುವುದು.

2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ, 1000ದಿಂದ 1500 ಸಿ.ಸಿ. ವರೆಗಿನ ಖಾಸಗಿ ಕಾರಿಗೆ ವರ್ಷದ ಥರ್ಡ್ ಪಾರ್ಟಿ ವಿಮಾ ಕಂತು 3,416 ರೂಪಾಯಿ. ಈ ಸಣ್ಣ ಮೊತ್ತ ಕೊಂಡುಕೊಡುವ ರಕ್ಷಣೆಗೆ ಸಾವು-ನೋವಿನ ವಿಷಯದಲ್ಲಿ ಮೇಲ್ಮಿತಿಯೇ ಇಲ್ಲ. ನ್ಯಾಯಮಂಡಳಿ ಎಷ್ಟು ಪರಿಹಾರ ಆದೇಶಿಸಿದರೂ ಅದು ವಿಮಾ ಕಂಪೆನಿಯದು. ಹಾಗಾದರೆ ನ್ಯಾಯಮಂಡಳಿ ಎಷ್ಟು ಆದೇಶಿಸುತ್ತದೆ? ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿಯೂ 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿಯೂ ಇದಕ್ಕೆ ಒಂದು ಲೆಕ್ಕದ ಕ್ರಮವನ್ನು ಹಾಕಿಕೊಟ್ಟಿದೆ. ಅದನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದ 35 ವರ್ಷದ ಗಾರೆ ಮೇಸ್ತ್ರಿಯೊಬ್ಬನು ಕಾರಿನಡಿ ಸಿಕ್ಕಿ ಸತ್ತನೆಂದು ಭಾವಿಸೋಣ. ತಿಂಗಳ ದುಡಿಮೆ 30,000 ರೂಪಾಯಿ, ವರ್ಷಕ್ಕೆ 3,60,000. ಸ್ವಂತ ದುಡಿಮೆಯ, ನಲವತ್ತರ ಒಳಗಿನ ವಯಸ್ಸಿನವನಾದುದರಿಂದ ಮುಂದೆ ಏರಬಹುದಾಗಿದ್ದ ಆದಾಯಕ್ಕಾಗಿ ಶೇಕಡಾ 40 ಸೇರಿಸಬೇಕು: 5,04,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದು ನಾಲ್ವರು ಅವಲಂಬಿತರಿರುವಾಗ, ಅವನು ತನಗಾಗಿ ಖರ್ಚುಮಾಡಿಕೊಳ್ಳುತ್ತಿದ್ದನೆಂದು ಕಾಲು ಭಾಗ ಕಳೆಯಬೇಕು: 3,78,000. ಆ ವಯಸ್ಸಿಗೆ ಗುಣಕ 16. ಮೊತ್ತ 60,48,000 ರೂಪಾಯಿ. ಇದರ ಮೇಲೆ ಪತಿಯ ಸಾಂಗತ್ಯ ನಷ್ಟ, ಅಂತ್ಯಕ್ರಿಯೆಯ ವೆಚ್ಚ ಮೊದಲಾದ ಬಾಬ್ತುಗಳು, ಅರ್ಜಿ ಹಾಕಿದ ದಿನದಿಂದ ಬಡ್ಡಿ. ಸತ್ತವನು ಸಾಫ್ಟ್‌ವೇರ್ ಎಂಜಿನಿಯರನಾಗಿದ್ದರೆ ಈ ಅಂಕಿ ಎಲ್ಲಿಗೆ ಹೋಗುತ್ತದೆಂದು ಓದುಗರೇ ಗುಣಿಸಿಕೊಳ್ಳಬಹುದು.

ಚಾಲಕ ಕುಡಿದಿರದಿದ್ದರೆ ಈ ಅರವತ್ತು ಲಕ್ಷ ವಿಮಾ ಕಂಪೆನಿಯದು. ಕುಡಿದಿದ್ದರೆ? 2019ರ ತಿದ್ದುಪಡಿಯ ವಿಮಾ ಅಧ್ಯಾಯ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಕಂಪೆನಿಯು ತನ್ನ ಹೊಣೆಯನ್ನು ಅಲ್ಲಗಳೆಯಬಹುದಾದ ಕಾರಣಗಳ ಪಟ್ಟಿಯಲ್ಲಿ, ಪರವಾನಗಿಯಿಲ್ಲದ ಚಾಲನೆಯ ಜೊತೆಗೆ, 185ನೆಯ ಕಲಮಿನಲ್ಲಿ ಹೇಳಿದ ಕುಡಿದ ಚಾಲನೆಯೂ ಈಗ 150ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಸೇರಿದೆ. ಹಿಂದಿನ ಪಟ್ಟಿಯಲ್ಲಿ ಅದು ಇರಲಿಲ್ಲ.

ಹಾಗೆಂದು ಸತ್ತ ಮೇಸ್ತ್ರಿಯ ಹೆಂಡತಿ ಬರಿಗೈಯಲ್ಲಿ ಹೋಗಬೇಕೆ? ನಮ್ಮ ನ್ಯಾಯಾಲಯಗಳು ಬಹುಕಾಲದಿಂದ ಒಂದು ಮಧ್ಯಮಾರ್ಗವನ್ನು ಅನುಸರಿಸಿಕೊಂಡು ಬಂದಿವೆ: ಕಂಪೆನಿಯು ಮೊದಲು ಸಂತ್ರಸ್ತರಿಗೆ ಹಣ ಕೊಡಲಿ, ಆಮೇಲೆ ಷರತ್ತು ಮುರಿದವರಿಂದ ವಸೂಲು ಮಾಡಿಕೊಳ್ಳಲಿ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಪರವಾನಗಿಯ ದೋಷಕ್ಕೆ ಸಂಬಂಧಿಸಿ ಸುಪ್ರೀಂ ಕೋರ್ಟು ಈ ತತ್ವವನ್ನು ವಿವರಿಸಿತು. 2023ರ ಆರಂಭದಲ್ಲಿ ಕೇರಳ ಹೈಕೋರ್ಟು ಕುಡಿದ ಚಾಲಕನ ಪ್ರಕರಣವೊಂದರಲ್ಲಿ ಇದೇ ದಾರಿ ಹಿಡಿಯಿತು: ಕುಡಿದು ಓಡಿಸಿದ್ದು ಪಾಲಿಸಿಯ ಷರತ್ತಿನ ಉಲ್ಲಂಘನೆಯೇ ಹೌದಾದರೂ ಕಂಪೆನಿ ಮೊದಲು ಪರಿಹಾರ ಕೊಟ್ಟು ಅನಂತರ ವಸೂಲು ಮಾಡಿಕೊಳ್ಳಬೇಕು.

ನಮ್ಮ ಅಭಿಪ್ರಾಯದಲ್ಲಿ ಇದೇ ನ್ಯಾಯ. ಕುಡಿದು ಓಡಿಸಿದವನ ಕಾರಿಗೆ ವಿಮಾ ಕಂಪೆನಿ ಹಣ ಕೊಡದಿದ್ದರೆ ನಾವು ದೂರುವಂತಿಲ್ಲ. ಆ ಹಣ ಶಿಸ್ತಿನಿಂದ ಓಡಿಸುವ ಲಕ್ಷಾಂತರ ಮಂದಿಯ ಕಂತಿನದು. ಆದರೆ ಸೈಕಲ್ಲಿನವನು ಯಾವ ಒಪ್ಪಂದಕ್ಕೂ ಸಹಿ ಹಾಕಿದವನಲ್ಲ. ಅವನ ಮಕ್ಕಳ ಅನ್ನ, ಕಾರಿನವನು ಕುಡಿದಿದ್ದನೋ ಇಲ್ಲವೋ ಎಂಬುದರ ಮೇಲೆ ನಿಲ್ಲಬಾರದು. ಹೊಸ ಕಲಮನ್ನು ಬರೆದವರು ಕಂಪೆನಿಗೆ ಹೊರಬಾಗಿಲು ತೋರಿಸುವ ಜೊತೆಗೆ, "ಮೊದಲು ಕೊಡು, ಆಮೇಲೆ ವಸೂಲು ಮಾಡು" ಎಂಬ ಮಾತನ್ನೂ ಅದೇ ಸ್ಪಷ್ಟತೆಯಿಂದ ಬರೆಯಬೇಕಾಗಿತ್ತು. ಶಾಸನಸಭೆಗೆ ಹೋಗುವ ನಮ್ಮ ಪ್ರತಿನಿಧಿಗಳು ಗಮನಿಸಬೇಕಾದ ವಿಷಯವಿದು.

ಕುಡಿದವನ ಮನೆಯ ದೃಷ್ಟಿಯಿಂದ ನೋಡಿದರೆ ಈ ಎರಡು ದಾರಿಗಳಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ. ಕಂಪೆನಿ ಕೊಡದಿದ್ದರೆ ಇವರೇ ಕೊಡಬೇಕು. ಕಂಪೆನಿ ಕೊಟ್ಟರೆ ಕಂಪೆನಿಗೆ ಇವರು ಕೊಡಬೇಕು. ಪರಿಹಾರದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಧಿಕಾರಿಗೆ ಪತ್ರ ಕಳುಹಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಅಂದರೆ ಅಜ್ಜನ ಕಾಲದ ತೆಂಗಿನ ತೋಟಕ್ಕೂ, ಬ್ಯಾಂಕಿನ ಠೇವಣಿಗೂ, ದುಬೈಯ ಬಿಸಿಲಿನಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಮನೆಗೂ ಕೈ ಹಾಕಲು ದಾರಿಯಿದೆ.

ಇಲ್ಲಿ ಇನ್ನೊಂದು ತೊಡಕುಂಟು. ನಮ್ಮ ಅನೇಕ ಮನೆಗಳಲ್ಲಿ ಕಾರಿನ ನೋಂದಣಿ ಪುಸ್ತಕದಲ್ಲಿರುವ ಹೆಸರು ಓಡಿಸುವವನದಲ್ಲ. ಗಲ್ಫಿನಲ್ಲಿರುವ ಅಣ್ಣ ಹಣ ಕಳುಹಿಸಿದ, ನಿವೃತ್ತ ಶಿಕ್ಷಕರಾದ ಅಪ್ಪನ ಹೆಸರಿಗೆ ನೋಂದಣಿಯಾಯಿತು, ತಮ್ಮ ಓಡಿಸುತ್ತಾನೆ. ಅಪಘಾತ ಪರಿಹಾರದ ಅರ್ಜಿಯಲ್ಲಿ ಚಾಲಕನ ಜೊತೆ ಮಾಲೀಕನೂ ಎದುರುದಾರ. ಜೀವಮಾನದಲ್ಲಿ ಒಂದು ಸಲವೂ ಸ್ಟೀರಿಂಗ್ ಮುಟ್ಟದ, ಹನಿ ಮದ್ಯ ಕುಡಿಯದ ಎಪ್ಪತ್ತರ ವೃದ್ಧರಿಗೆ ನೋಟೀಸು ಬರುತ್ತದೆ. "ನನಗೆ ತಿಳಿಯದಂತೆ ಮಗ ಕುಡಿದು ಓಡಿಸಿದ" ಎಂದು ಅವರು ವಾದಿಸಬಹುದು. ಆ ವಾದ ನಿಂತೀತೋ ಬಿದ್ದೀತೋ ತಿಳಿಯಲು ವರ್ಷಗಳು ಬೇಕು, ಪ್ರತಿ ದಿನಾಂಕಕ್ಕೂ ವಕೀಲರ ಶುಲ್ಕ ಬೇಕು. ಮಗನ ವಿರುದ್ಧ ಅಪ್ಪ ನ್ಯಾಯಾಲಯದಲ್ಲಿ ಮಾತನಾಡಬೇಕಾದ ಸ್ಥಿತಿಯ ಬೆಲೆಯನ್ನು ನಾವು ಈ ಲೆಕ್ಕಕ್ಕೆ ಸೇರಿಸಿಲ್ಲ.

ಇಂಥ ಭಯದಿಂದಲೇ ಹುಟ್ಟುವ ಒಂದು ಅಡ್ಡದಾರಿಯಿದೆ: ಚಾಲಕನನ್ನು ಬದಲಿಸುವುದು. ಕುಡಿದ ಯಜಮಾನನ ಬದಲು ಕುಡಿಯದ ಯಾವನೋ ಬಡ ಡ್ರೈವರನೋ, ತೋಟದ ಕೆಲಸದವನೋ ಠಾಣೆಗೆ ಹೋಗಿ "ನಾನೇ ಓಡಿಸುತ್ತಿದ್ದೆ" ಎನ್ನುವುದು. "ಅವನ ಮನೆಗೆ ಏನಾದರೂ ಕೊಟ್ಟರಾಯಿತು" ಎಂದು ಸಭ್ಯರೆನಿಸಿಕೊಂಡವರೂ ಹೇಳುವುದುಂಟು. 2024ರ ಮೇ ತಿಂಗಳಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಇಬ್ಬರು ಯುವ ಎಂಜಿನಿಯರರನ್ನು ಬಲಿತೆಗೆದುಕೊಂಡ ಪೋರ್ಷೆ ಕಾರಿನ ಪ್ರಕರಣ ಓದುಗರ ನೆನಪಿನಲ್ಲಿರಬಹುದು. ಕಾರು ಓಡಿಸುತ್ತಿದ್ದನೆನ್ನಲಾದ ಹುಡುಗನಿಗೆ 17 ವರ್ಷ. ಅನಂತರದ ದಿನಗಳಲ್ಲಿ, ಮನೆಯ ಡ್ರೈವರನ ಮೇಲೆ ಅಪರಾಧ ಹೊತ್ತುಕೊಳ್ಳುವಂತೆ ಒತ್ತಡ ಹೇರಿದರೆಂದೂ, ರಕ್ತದ ಮಾದರಿಯನ್ನು ಬದಲಾಯಿಸಿದರೆಂದೂ ಪೊಲೀಸರು ಆರೋಪಿಸಿ ಹುಡುಗನ ತಂದೆ-ತಾಯಿಯನ್ನೂ ವೈದ್ಯರನ್ನೂ ಬಂಧಿಸಿದರು. ಆರೋಪದ ತೀರ್ಮಾನ ನ್ಯಾಯಾಲಯದ್ದು. ಆದರೆ ಒಂದು ಸಂಜೆಯ ಕುಡಿತ ಒಂದಿಡೀ ಕುಟುಂಬವನ್ನು ಕಟಕಟೆಗೆ ಎಳೆದುದನ್ನು ದೇಶವೇ ನೋಡಿತು. ವಿಮಾ ಕಂಪೆನಿಗೆ ಸುಳ್ಳು ಹೇಳಿಕೆ ಕೊಡುವುದು ಪಾಲಿಸಿಯನ್ನೇ ಅಸಿಂಧುಗೊಳಿಸಬಹುದಾದ ಕೃತ್ಯ; ಬಡವನ ತಲೆಗೆ ಸುಳ್ಳು ಅಪರಾಧ ಕಟ್ಟುವುದು ಎಂಥ ಕೃತ್ಯವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಅಪಘಾತವಾಗದೆ, ಬರಿಯ ತಪಾಸಣೆಯಲ್ಲಿ ಸಿಕ್ಕಿಬಿದ್ದು ಶಿಕ್ಷೆಯಾದವನ ವಿಮಾ ಕಂತು ಮುಂದಿನ ವರ್ಷ ಏರುವುದೇ ಎಂದು ಕೇಳುವವರಿದ್ದಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರ ಜನವರಿಯಲ್ಲಿ ಪ್ರಕಟವಾದ ಕರಡಿನಲ್ಲಿ, ಸಂಚಾರ ಅಪರಾಧಗಳಿಗೆ ಅಂಕ ಕೊಟ್ಟು ಅದರಂತೆ ಕಂತನ್ನು ಏರಿಸಬೇಕೆಂದು ಸೂಚಿಸಿತ್ತು. ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದರೆ 10 ಅಂಕ, ಕುಡಿದು ಓಡಿಸಿದರೆ 100. ಸೂಚನೆ ಸೂಚನೆಯಾಗಿ ಉಳಿದಿದ್ದರೂ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಅದರಿಂದ ತಿಳಿಯುತ್ತದೆ.

ವಿದೇಶಗಳಲ್ಲಿ ಆ ಗಾಳಿ ಎಂದೋ ಬೀಸಿಯಾಗಿದೆ. ಮಕ್ಕಳು ಪರದೇಶದಲ್ಲಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲವಾದುದರಿಂದ ಇದನ್ನೂ ಹೇಳಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2025ರ ಮಾರ್ಚ್ 29ರಿಂದ ಜಾರಿಗೆ ಬಂದ ಹೊಸ ಸಂಚಾರ ಕಾನೂನಿನಂತೆ ಕುಡಿದು ಓಡಿಸಿದವನಿಗೆ 20,000ದಿಂದ 1,00,000 ದಿರ್ಹಮ್ ದಂಡ, ಸೆರೆವಾಸದ ಸಾಧ್ಯತೆ. ಪರವಾನಗಿ ಮೊದಲ ಸಲ ಮೂರು ತಿಂಗಳು ಅಮಾನತು, ಮೂರನೆಯ ಸಲ ರದ್ದು. ಅಲ್ಲಿಯೂ ವಿಮಾ ಕಂಪೆನಿ ಗಾಯಾಳುವಿಗೆ ಕೊಟ್ಟ ಹಣವನ್ನು ಕುಡಿದವನಿಂದ ಮರಳಿ ಪಡೆಯಬಹುದು. ಬ್ರಿಟನ್ನಿನಲ್ಲಿ ಕನಿಷ್ಠ ಒಂದು ವರ್ಷ ಚಾಲನಾ ನಿಷೇಧ. ಅಪರಾಧದ ಗುರುತು ಪರವಾನಗಿಯಲ್ಲಿ 11 ವರ್ಷ ಉಳಿಯುತ್ತದೆ, ವಿಮಾ ಕಂಪೆನಿಗಳು ಕಳೆದ ಐದು ವರ್ಷಗಳ ಶಿಕ್ಷೆಗಳನ್ನು ಕೇಳಿಯೇ ಕಂತು ನಿಗದಿಮಾಡುತ್ತವೆ. ಅಲ್ಲಿ ನರ್ಸ್ ವೃತ್ತಿಯಲ್ಲಿರುವ ನಮ್ಮ ಹೆಣ್ಣುಮಕ್ಕಳಾಗಲೀ ಗಂಡುಮಕ್ಕಳಾಗಲೀ ಇಂಥ ಶಿಕ್ಷೆಯನ್ನು ತಮ್ಮ ವೃತ್ತಿ ಮಂಡಳಿಗೂ ತಿಳಿಸಬೇಕು. ಅಮೆರಿಕವು 2015ರಿಂದ, ಐದು ವರ್ಷಗಳೊಳಗೆ ಕುಡಿದ ಚಾಲನೆಗಾಗಿ ಬರಿಯ ಬಂಧನವಾಗಿದ್ದರೂ ವೀಸಾ ಹಿಂತೆಗೆದುಕೊಳ್ಳಬಹುದಾದ ಕ್ರಮವನ್ನು ಇಟ್ಟುಕೊಂಡಿದೆ. ಕೆನಡಾ 2018ರ ಡಿಸೆಂಬರಿನಲ್ಲಿ ಈ ಅಪರಾಧದ ಗರಿಷ್ಠ ಶಿಕ್ಷೆಯನ್ನು 10 ವರ್ಷಗಳಿಗೆ ಏರಿಸಿದುದರಿಂದ, ವಲಸೆ ಕಾನೂನಿನ ದೃಷ್ಟಿಯಲ್ಲಿ ಅದು ಈಗ ಗಂಭೀರ ಅಪರಾಧ. ಖಾಯಂ ನಿವಾಸದ ಹಕ್ಕು ಪಡೆದವನಿಗೂ ಅಪಾಯ ತಪ್ಪಿದ್ದಲ್ಲ. ಬೇರೆ ದೇಶದಲ್ಲಿ ಆದ ಶಿಕ್ಷೆಯನ್ನೂ ಅಲ್ಲಿ ಪರಿಗಣಿಸುತ್ತಾರೆ. ಮಗನ ಓದಿಗೆಂದು ಮನೆಯನ್ನು ಅಡವಿಟ್ಟು ಇಪ್ಪತ್ತೈದು ಲಕ್ಷ ಸಾಲ ತೆಗೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮದುವೆ ಮನೆಗಳ ಕಡೆ ನೋಡದೆ ಇರಲಾಗದು. ರೋಸ್ ಸಂಜೆಯಾಗಲೀ, ಮದುವೆಯ ಸತ್ಕಾರವಾಗಲೀ, ಊರ ಹಬ್ಬದ ಊಟವಾಗಲೀ, ಅತಿಥಿಯ ಮುಂದೆ ಗ್ಲಾಸು ಇಡುವುದು ನಮ್ಮವರಲ್ಲಿ ಮರ್ಯಾದೆಯ ಗುರುತಾಗಿದೆ. ಆ ಸಂಪ್ರದಾಯದ ಸರಿತಪ್ಪು ಇಂದಿನ ಚರ್ಚೆಯಲ್ಲ. ಆದರೆ ಆ ಅತಿಥಿ ಮೂವತ್ತು ನಲವತ್ತು ಕಿಲೋಮೀಟರ್ ದೂರದ ಹಳ್ಳಿಗೆ, ಕೊನೆಯ ಬಸ್ಸು ಹೋದ ಮೇಲೆ, ತಾನೇ ಗಾಡಿ ಓಡಿಸಿಕೊಂಡು ಹೋಗಬೇಕೆಂಬುದು ಗ್ಲಾಸು ತುಂಬಿದವರಿಗೆ ಗೊತ್ತಿರುತ್ತದೆ. "ಇನ್ನೊಂದು ತೆಗೆದುಕೊಳ್ಳಿ ಮಾವ, ನಿಮಗೇನಾಗುತ್ತದೆ" ಎಂದು ಒತ್ತಾಯಿಸಿದವರ ಹೆಸರು ಯಾವ ಪೊಲೀಸು ವರದಿಯಲ್ಲೂ ಬರುವುದಿಲ್ಲ. ಅರವತ್ತು ಲಕ್ಷದಲ್ಲಿ ಒಂದು ರೂಪಾಯಿಯೂ ಅವರ ಪಾಲಿಗೆ ಬೀಳುವುದಿಲ್ಲ. ಇದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಬ್ಯಾಂಡಿಗೆ, ಹೂವಿನ ಅಲಂಕಾರಕ್ಕೆ, ವಿಡಿಯೊಕ್ಕೆ, ಕೇಕಿಗೆ ಲೆಕ್ಕ ನೋಡದೆ ಖರ್ಚುಮಾಡುವ ನಮ್ಮ ಮದುವೆಗಳಲ್ಲಿ, ರಾತ್ರಿ ಅತಿಥಿಗಳನ್ನು ಊರಿಗೆ ತಲುಪಿಸಲು ಒಂದು ಬಾಡಿಗೆ ವ್ಯಾನು, ಗಾಡಿ ತಂದವರ ಕೀಲಿ ಪಡೆದು ಓಡಿಸಲು ಇಬ್ಬರು ಕುಡಿಯದ ಚಾಲಕರು, ಇಷ್ಟನ್ನು ಸೇರಿಸುವುದು ಭಾರವಾಗದು. ಹಾಗೆ ಮಾಡಿದರೆ ಅತಿಥಿಗಳಿಗೆ ಅವಮಾನವಾದೀತೆಂಬ ಆಕ್ಷೇಪವನ್ನು ನಾವು ಕೇಳಿದ್ದೇವೆ. ಕಾರ್ಯಕ್ರಮ ನಿರ್ವಾಹಕರು ವಧೂವರರಿಗೆ ಶುಭ ಕೋರುವ ಮೊದಲು, ವ್ಯಾನು ಎಷ್ಟು ಗಂಟೆಗೆ ಯಾವ ಊರಿನ ಕಡೆ ಹೊರಡುತ್ತದೆಂದು ಬಸ್ಸಿನ ವೇಳಾಪಟ್ಟಿ ಓದಿದಂತೆ ಓದಿಬಿಟ್ಟರೆ ಅದರಲ್ಲಿ ಯಾರಿಗೂ ಅವಮಾನವೆನಿಸದು.

ಇನ್ನೊಂದು ಸಲಹೆಯನ್ನು ಧರ್ಮಪ್ರಾಂತ್ಯಗಳ ಮುಂದಿಡಬಯಸುತ್ತೇವೆ. ಮದುವೆಯಾಗಲಿರುವವರಿಗೆ ನಡೆಸುವ ಸಿದ್ಧತಾ ಶಿಬಿರಗಳಲ್ಲಿ ಕುಟುಂಬದ ಆರ್ಥಿಕ ನಿರ್ವಹಣೆಯ ಬಗ್ಗೆಯೂ ಮಾತನಾಡುವುದುಂಟು. ಆ ಹೊತ್ತಿನಲ್ಲಿ ಅರ್ಧ ಗಂಟೆಯನ್ನು ಮೋಟಾರು ಅಪಘಾತ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರಿಗೆ ಬಿಟ್ಟುಕೊಡಬಹುದು. ಅವರು ಒಂದು ಸಾಮಾನ್ಯ ಕಾರಿನ ಪಾಲಿಸಿಯನ್ನು ತಂದು, ಅದರ ಷರತ್ತುಗಳ ಪುಟವನ್ನು ತೆರೆದು, ಮುಂದೆ ಕುಳಿತ ಹುಡುಗ-ಹುಡುಗಿಯರಿಂದಲೇ ಗಟ್ಟಿಯಾಗಿ ಓದಿಸಲಿ; ಆಮೇಲೆ ಮೇಸ್ತ್ರಿಯ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಲಿ. ಮದುವೆಯಾದ ಮರುವರ್ಷ ಕಾರು ಕೊಳ್ಳುವವರು ಅವರೇ ಆದುದರಿಂದ, ಪ್ರಶ್ನೆಗಳಿಗೂ ಸ್ವಲ್ಪ ಸಮಯವನ್ನು ಉಳಿಸಿಕೊಳ್ಳಬೇಕಾದೀತು.